ಊರೇ ದಿವಾಳಿ ಎದ್ದರೆ ಬೀಗ ಎಲ್ಲಿಗೆ ಹಾಕ್ತಾರೆ?

ಅಂಗಡಿಯವನು ದಿವಾಳಿ ಎದ್ದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಬಾಗಿಲಿಗೆ ಬೀಗ ಬೀಳುತ್ತೆ, ಸಾಮಾನು ಹರಾಜಾಗುತ್ತೆ, ಸಾಲ ಕೊಟ್ಟವರು ಸಿಕ್ಕಷ್ಟು ಹಂಚಿಕೊಳ್ತಾರೆ. ಆದರೆ ಒಂದು ನಗರದ ಆಡಳಿತವೇ ದಿವಾಳಿ ಎದ್ದರೆ? ಬೀದಿಗೆ ಬೀಗ ಹಾಕೋಕಾಗುತ್ತಾ? ಪಂಚಾಯಿತಿ, ಪುರಸಭೆ ಸುದ್ದಿ ಬರೆಯುವ ನಾವು ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಅಮೆರಿಕದ ಡೆಟ್ರಾಯಿಟ್ ನಗರದ ಕಥೆಯಲ್ಲಿ.

ಅದು ಕಾರು ಕಾರ್ಖಾನೆಗಳ ಊರು. 1950ರಲ್ಲಿ ಅಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಕಾರ್ಖಾನೆಗಳು ಬೇರೆ ಕಡೆ ಹೋದವು, ಅನುಕೂಲಸ್ಥರು ಹೊರವಲಯಕ್ಕೆ ಹೊರಟರು. 2010ರ ಹೊತ್ತಿಗೆ ಉಳಿದವರು ಸುಮಾರು 7 ಲಕ್ಷ. ಹೋದವರ ಜೊತೆ ಅವರ ತೆರಿಗೆಯೂ ಹೋಯಿತು. ಆದರೆ ಬೀದಿ, ಪೈಪು, ನಿವೃತ್ತ ನೌಕರರ ಪಿಂಚಣಿ ಮಾತ್ರ ಹಳೇ ಲೆಕ್ಕದಲ್ಲೇ ಉಳಿದವು. ಕೊನೆಗೆ ಪಿಂಚಣಿ ನಿಧಿ ತುಂಬೋಕೂ ಸಾಲ ಮಾಡಿದರು.

2013ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಕೆವಿನ್ ಆರ್ ಎಂಬ ವಕೀಲರನ್ನು ಆಡಳಿತಾಧಿಕಾರಿಯಾಗಿ ಕೂರಿಸಿತು. ಮೇಯರ್ ಇದ್ದರೂ ಹಣದ ಅಧಿಕಾರ ಅವರ ಕೈಯಲ್ಲಿ. ಆ ಹೊತ್ತಿಗೆ ಸುಮಾರು ಶೇ 40ರಷ್ಟು ಬೀದಿದೀಪ ಉರಿಯುತ್ತಿರಲಿಲ್ಲ. ಜುಲೈ 18ರಂದು ನಗರ ಕೋರ್ಟಿಗೆ ಹೋಗಿ ದಿವಾಳಿ ಅರ್ಜಿ ಹಾಕಿತು. ಅಂದಾಜು ಸಾಲ 1,800 ಕೋಟಿ ಡಾಲರ್.

ಅಲ್ಲಿನ ಕಾನೂನಿನ ಪ್ರಕಾರ ಸಾಲಗಾರರು ನಗರದ ಆಸ್ತಿಯನ್ನು ಜಪ್ತಿ ಮಾಡುವಂತಿಲ್ಲ. ಕಚೇರಿ ನಡೆಯುತ್ತಲೇ ಇರಬೇಕು. ಹಾಗಾಗಿ ಬೀಗ ಎಲ್ಲಿಗೂ ಬೀಳಲಿಲ್ಲ. ಯಾರಿಗೆ ಎಷ್ಟು ಕಡಿಮೆ ಕೊಡಬೇಕು ಅನ್ನೋದೇ ಕೋರ್ಟಿನ ಮುಂದಿದ್ದ ಲೆಕ್ಕ.

ಪಿಂಚಣಿಗೂ ಕತ್ತರಿ ಹಾಕಬಹುದು ಎಂದು ಆ ಡಿಸೆಂಬರಿನಲ್ಲಿ ನ್ಯಾಯಾಧೀಶ ಸ್ಟೀವನ್ ರೋಡ್ಸ್ ಹೇಳಿದರು. ನಗರದ ಮ್ಯೂಸಿಯಂನಲ್ಲಿ ಬೆಲೆ ಕಟ್ಟಲಾಗದ ಚಿತ್ರಗಳಿದ್ದವು. ಅವನ್ನು ಮಾರಿ ಸಾಲ ತೀರಿಸಿ ಎಂದು ಸಾಲ ಕೊಟ್ಟವರು ಪಟ್ಟು ಹಿಡಿದರು. ಆಗ ದಾನಿ ಸಂಸ್ಥೆಗಳು, ರಾಜ್ಯ ಸರ್ಕಾರ, ಮ್ಯೂಸಿಯಂ ಸೇರಿ 80 ಕೋಟಿ ಡಾಲರಿಗೂ ಹೆಚ್ಚು ಹಣ ಒಪ್ಪಿಕೊಂಡವು. ಚಿತ್ರಗಳೂ ಉಳಿದವು, ಪಿಂಚಣಿಯ ಬಹುಪಾಲೂ ಉಳಿಯಿತು.

ಆದರೂ ಸಾಮಾನ್ಯ ನೌಕರರ ಪಿಂಚಣಿ ಶೇ 4.5ರಷ್ಟು ಕಡಿತವಾಯಿತು, ವರ್ಷ ವರ್ಷದ ಏರಿಕೆ ನಿಂತಿತು. ಪೊಲೀಸರು, ಅಗ್ನಿಶಾಮಕದವರ ಮೂಲ ಪಿಂಚಣಿ ಮುಟ್ಟಲಿಲ್ಲ, ಏರಿಕೆ ಮಾತ್ರ ಇಳಿಸಿದರು. ನಿವೃತ್ತರ ಆರೋಗ್ಯಕ್ಕೆ ಕೊಡುತ್ತಿದ್ದ ನೆರವು ಬಹುತೇಕ ಹೋಯಿತು. ಜೀವಮಾನ ದುಡಿದು ಮುಪ್ಪಿಗೆ ಇದೊಂದನ್ನೇ ನಂಬಿದ್ದವರಿಗೆ ಬಿದ್ದ ಪೆಟ್ಟು ಅದು. 2014ರ ಡಿಸೆಂಬರ್ 10ಕ್ಕೆ ನಗರ ದಿವಾಳಿತನದಿಂದ ಹೊರಬಂತು. 2016ರ ಕೊನೆಗೆ ಸುಮಾರು 65,000 ಹೊಸ ಬೀದಿದೀಪ ಉರಿದವು.

ನಮ್ಮ ಪಂಚಾಯಿತಿ, ಪುರಸಭೆಗಳಿಗೆ ಹೀಗೆ ದಿವಾಳಿ ಅರ್ಜಿ ಹಾಕುವ ಕಾನೂನಿಲ್ಲ. ಆದರೆ ಬಾಕಿ ಇಲ್ಲವೇ? ಸಭೆಗಳಲ್ಲಿ ಕೂತಾಗ ನಮ್ಮ ಕಿವಿಗೆ ಬೀಳೋದೇ ಬೀದಿದೀಪ, ನೀರಿನ ಮೋಟಾರಿನ ಕರೆಂಟ್ ಬಿಲ್ ಬಾಕಿಯ ಮಾತು. ಕೋರ್ಟಿಲ್ಲದ ಕಡೆ ಯಾರಿಗೆ ಎಷ್ಟು ಕಡಿಮೆ ಅನ್ನೋದು ಸದ್ದಿಲ್ಲದೆ ತೀರ್ಮಾನವಾಗುತ್ತೆ: ನೀರುಗಂಟಿಯ ಸಂಬಳ ತಡವಾಗುತ್ತೆ, ಕೊನೆಯ ಬೀದಿಯ ಬಲ್ಬು ಬದಲಾಗೋದಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ. ಕರೆಂಟ್ ಬಿಲ್ ಬಾಕಿ ಎಷ್ಟಿದೆ? ನೀರುಗಂಟಿಗೆ ಸಂಬಳ ಯಾವ ತಿಂಗಳವರೆಗೆ ಆಗಿದೆ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ.