ಹಿಂದೆ ನೋಡದ ತಪ್ಪು

2017ರ ಬೇಸಿಗೆ. ತಿಪಟೂರಿನ ಅಂಗಡಿಯೊಂದರ ಮುಂದೆ ನಿಲ್ಲಿಸಿದ್ದ ಕಾರನ್ನು ಹಿಮ್ಮುಖವಾಗಿ ರಸ್ತೆಗೆ ತಂದೆ, ಹಿಂದೆ ನೋಡಲಿಲ್ಲ. ಸೈಕಲ್ಲಿನ ಮೇಲೆ ಎಳನೀರು ಹೇರಿಕೊಂಡು ಬರುತ್ತಿದ್ದವನು ಉರುಳಿಬಿದ್ದ. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಅವನನ್ನು ಆಸ್ಪತ್ರೆಗೆ ಸೇರಿಸಿ ಮನೆಗೆ ಬಂದ ಸಂಜೆ, ವಿಮಾ ಏಜೆಂಟನಾಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಓಡಿಬಂದ. "ಸಾರ್, ತಪ್ಪು ನಂದು ಅಂತ ಮಾತ್ರ ಹೇಳ್ಬೇಡಿ. ಅವನೇ ಅಡ್ಡ ಬಂದ ಅನ್ನಿ."

ಆ ರಾತ್ರಿ ಪಾಲಿಸಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆಯನ್ನು ಒಪ್ಪಿಕೊಳ್ಳಕೂಡದು, ಪರಿಹಾರದ ಮಾತು ಕೊಡಕೂಡದು ಎಂಬ ಷರತ್ತು ಅದರಲ್ಲಿ ನಿಜಕ್ಕೂ ಇತ್ತು! ಕಿಟಕಿಯ ಗಾಜು ಒಡೆದವರು ತಾವೇ ಎದ್ದು ನಿಲ್ಲಿರೆಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವನು ನಾನು.

ನಮ್ಮ ಕಾರಿಗಾದ ನಷ್ಟವನ್ನು ತುಂಬಿಕೊಡುವಾಗ ತಪ್ಪು ಯಾರದೆಂಬುದು ಮುಖ್ಯವಲ್ಲ. (ಒಡೆದ ಹಿಂದೀಪಕ್ಕೆ ನಾನು ಕ್ಲೇಮು ಹಾಕಲಿಲ್ಲ, ನೋ ಕ್ಲೇಮ್ ಬೋನಸ್ ಹೋಗುತ್ತಿತ್ತು. ಮೇಷ್ಟ್ರ ಜಿಪುಣತನ!) ಆದರೆ ಗಾಯಗೊಂಡವನ ಪಾಲಿಗೆ ಆ ಪ್ರಶ್ನೆಯೇ ಸರ್ವಸ್ವ. ಕಾನೂನು ಕಡ್ಡಾಯಗೊಳಿಸಿದ ಥರ್ಡ್ ಪಾರ್ಟಿ ವಿಮೆಯ ಹಣವನ್ನು ಅವನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಳಬೇಕು. ಅವನದೂ ಕಾಲು ಭಾಗ ತಪ್ಪಿದೆಯೆಂದು ತೀರ್ಮಾನವಾದರೆ 4 ಲಕ್ಷದ ಪರಿಹಾರ 3 ಲಕ್ಷಕ್ಕಿಳಿಯುತ್ತದೆ. ಗಣಿತ ಕಲಿಸಿದವನಿಗೆ ಇದು ಸುಲಭದ ಲೆಕ್ಕ: 'ಅವನೇ ಅಡ್ಡ ಬಂದ' ಎಂಬ ನನ್ನ ಮಾತಿನಿಂದ ಉಳಿಯುವುದು ಕಂಪನಿಯ ಹಣ, ಕಳೆಯುವುದು ಅವನ ಹಣ. (2022ರ ಏಪ್ರಿಲ್‌ನಿಂದ, ತಿದ್ದುಪಡಿಯಾದ 164ನೆಯ ಕಲಮಿನಡಿ, ತಪ್ಪನ್ನು ಸಾಧಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳುವ ಅವಕಾಶವಿದೆ. ಆಗ ಇದಿರಲಿಲ್ಲ.)

ಮರುದಿನ ಠಾಣೆಯಲ್ಲಿ 'ತಪ್ಪು', 'ಹೊಣೆ' ಎಂಬ ಪದಗಳನ್ನು ನಾನು ಬಳಸಲಿಲ್ಲ. "ಹಿಂದೆ ನೋಡದೆ ಗಾಡಿ ತೆಗೆದೆ" ಎಂದಷ್ಟೇ ಬರೆಸಿದೆ. ನಡೆದದ್ದನ್ನು ಹೇಳಬಾರದೆಂದು ಪಾಲಿಸಿಯಲ್ಲೂ ಇರಲಿಲ್ಲವಷ್ಟೆ! ಏಜೆಂಟ್ ಹುಡುಗ ತಲೆ ಚಚ್ಚಿಕೊಂಡ. ಅಜಾಗರೂಕ ಚಾಲನೆಯ ಮೊಕದ್ದಮೆಯಲ್ಲಿ ದಂಡ ಕಟ್ಟಿದೆ. ಕಟಕಟೆಯಲ್ಲಿ ನಿಂತಾಗ ಕಾಲು ನಡುಗಿದ್ದೂ ಹೌದು. ನ್ಯಾಯಮಂಡಳಿಯಲ್ಲಿ, ಸೈಕಲ್ಲಿನ ಮೇಲೆ ಅತಿಭಾರವಿತ್ತು, ಆದ್ದರಿಂದ ಸವಾರನೂ ತಪ್ಪಿತಸ್ಥನೆಂದು ಕಂಪನಿಯ ವಕೀಲರು ವಾದಿಸಿದರು. ಸಾಕ್ಷಿಯಾಗಿ ನಾನು ಹಳೆಯ ವಾಕ್ಯವನ್ನೇ ಮತ್ತೆ ಹೇಳಿದೆ. ತಪ್ಪಿನಲ್ಲಿ ಅವನ ಪಾಲೇನೂ ಇಲ್ಲವೆಂದು ತೀರ್ಪಾಯಿತು.

ಈಗ ಅವನು ಸೈಕಲ್ಲು ಬಿಟ್ಟು ಮರದಡಿ ಕುಳಿತು ಎಳನೀರು ಮಾರುತ್ತಾನೆ, ಕೊಂಚ ಕುಂಟುತ್ತಾನೆ. ಒಂದು ದಿನ ಎಳನೀರು ಕೆತ್ತುತ್ತಾ, ತಲೆಯೆತ್ತದೆ, "ಮೇಷ್ಟ್ರೇ, ಆವತ್ತು ನನ್ನ ಸೈಕಲ್ಲಿಗೆ ಬ್ರೇಕ್ ಹಿಡೀತಿರ್ಲಿಲ್ಲ" ಎಂದ.

ಮನಸ್ಸು ತಾನಾಗಿಯೇ ಭಾಗಾಕಾರಕ್ಕೆ ತೊಡಗಿತು. ಎಳನೀರು ಕುಡಿದು, ದುಡ್ಡು ಕೊಟ್ಟು ಮನೆಗೆ ನಡೆದೆ.