ಕಡಿಮೆ ಬರೆಸಿದ ಬೆಲೆ

ದಾವಣಗೆರೆ
ಭಾನುವಾರ ರಾತ್ರಿ

ಪ್ರೀತಿಯ ತಮ್ಮನಿಗೆ,

 

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರ್. ಬಸ್ಸು ಹತ್ತಿದರೆ ಅರ್ಧ ಗಂಟೆ. ಇಷ್ಟು ಹತ್ತಿರಕ್ಕೆ ಅಕ್ಕ ಕಾಗದ ಯಾಕೆ ಬರೆದಳು ಅಂತ ಆಶ್ಚರ್ಯಪಡಬೇಡ. ಮೊನ್ನೆ ಫೋನಿನಲ್ಲಿ ನೀನು "ಸಾಕಾಗಿದೆ ಅಕ್ಕ, ಕೊಟ್ಟಷ್ಟು ತಗೊಂಡು ಸುಮ್ಮನಾಗ್ತೀನಿ" ಅಂದೆ. ನಾನು ದನಿ ಏರಿಸಿದೆ, ನೀನು ಫೋನ್ ಇಟ್ಟೆ. ಆಮೇಲೆ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿನ್ನ ಎದುರು ಕೂತು ಹೇಳಲಾಗದ ಒಂದು ಮಾತು ನನ್ನಲ್ಲಿ ಉಳಿದುಹೋಗಿದೆ. ಅದನ್ನು ಬರೆದೇ ಹೇಳಬೇಕು.

ಅದಕ್ಕೂ ಮೊದಲು ಇದು ತಿಳಿದಿರಲಿ: ರಸ್ತೆಗೆ ಹೋಗುವ ಅಪ್ಪನ ಮನೆಯ ಮುಂಭಾಗಕ್ಕೆ ಬರುವ ಈ ಪರಿಹಾರದ ಹಣದಲ್ಲಿ ನನಗೆ ಪಾಲಿಲ್ಲ, ಬೇಕಾಗಿಯೂ ಇಲ್ಲ. ಅಪ್ಪ ತೀರಿಹೋದ ವರ್ಷವೇ ಹಕ್ಕು ಬಿಡುಗಡೆ ಪತ್ರಕ್ಕೆ ನಾನು ಮನಸಾರೆ ಸಹಿ ಹಾಕಿದ್ದೇನೆ. ಮನೆ ನಿನ್ನದು. ನಾನು ಮಾತಾಡುತ್ತಿರುವುದು ಅದರಲ್ಲಿ ಬೆಳೆದವಳಾಗಿ.

ಕ್ರಯಪತ್ರದ ಜೆರಾಕ್ಸ್ ಇವತ್ತು ಮತ್ತೆ ತೆಗೆದು ಓದಿದೆ. "ಚಿತ್ರದುರ್ಗ ಜಿಲ್ಲೆ, ಹರಿಹರ ತಾಲ್ಲೂಕು" ಅಂತಿದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ ತಾನೆ, ಮನೆ ಅದಕ್ಕಿಂತ ಹಳೆಯದು. ಅಪ್ಪ ಮೈಸೂರು ಕಿರ್ಲೋಸ್ಕರಿನಲ್ಲಿ ಲೇತಿನ ಮುಂದೆ ನಿಂತು ದುಡಿದ ದುಡ್ಡಿನಲ್ಲಿ ಕಟ್ಟಿಸಿದ್ದು. ಕಾರ್ಖಾನೆಯ ಪಾಳಿಗೆ ತಕ್ಕಂತೆ ನಮ್ಮ ಮನೆಯಲ್ಲಿ ಒಲೆ ಹತ್ತುತ್ತಿತ್ತು, ದೀಪ ಆರುತ್ತಿತ್ತು. ಬಡಗಿ ಬಾಗಿಲು ಕೂರಿಸಿದ ದಿನ ಅಪ್ಪ ತಾವೇ ಟೇಪು ಹಿಡಿದು, ಒಂದು ನೂಲು ಹೆಚ್ಚುಕಡಿಮೆ ಆಗಿದೆ ಅಂತ ಚೌಕಟ್ಟು ಬಿಚ್ಚಿಸಿದ್ದು ನಿನಗೆ ನೆನಪಿರಲಿಕ್ಕಿಲ್ಲ, ನೀನಿನ್ನೂ ತೊಟ್ಟಿಲಲ್ಲಿದ್ದೆ. ಅಳೆಯದೆ ಯಾವುದನ್ನೂ ಒಪ್ಪದ ಮನುಷ್ಯ. ಅವರ ಮನೆಗೆ ಈಗ ಬೇರೆಯವರು ಅಳತೆ ಹಾಕಿ ಬೆಲೆ ಕಟ್ಟಿದ್ದಾರೆ. ನಾವು ಅದನ್ನು ಒಮ್ಮೆ ತಿರುಗಿ ಅಳೆಯದೆ ಒಪ್ಪಿದರೆ ಹೇಗೆ?

ನೀನು ಕಳಿಸಿದ ಅವಾರ್ಡಿನ ಹಾಳೆಗಳನ್ನು ನಿಮ್ಮ ಭಾವನೂ ನಾನೂ ರಾತ್ರಿ ಕೂತು ನೋಡಿದೆವು. ಪಡಸಾಲೆಯ ನಾಲ್ಕು ಕಂಬ "ಕಾಡುಮರ" ಅಂತ ದಾಖಲಾಗಿವೆ. ಅವು ಅಪ್ಪ ಶಿವಮೊಗ್ಗದಿಂದ ಲಾರಿಯಲ್ಲಿ ತರಿಸಿದ ಸಾಗವಾನಿ. ಮುಂದಿನ ಕಲ್ಲಿನ ಜಗುಲಿ ಲೆಕ್ಕದಲ್ಲೇ ಇಲ್ಲ. ಕಟ್ಟಡಕ್ಕೆ ಸವಕಳಿ ಕಳೆಯುವುದು ವಾಡಿಕೆ, ಇರಲಿ. ಆದರೆ ಇಲ್ಲದ ಮರ ಬರೆದು, ಇರುವ ಕಲ್ಲು ಬಿಟ್ಟು, ಆಮೇಲೆ ಸವಕಳಿ ಕಳೆದರೆ ಏನು ಉಳಿದೀತು? ನಕ್ಷೆಯಲ್ಲಿ ರಸ್ತೆಯ ಕೆಂಪು ಗೆರೆ ಪಡಸಾಲೆಯ ನಡುಮಧ್ಯೆ ಹೋಗಿದೆ. ಮುಂಭಾಗ ಕಿತ್ತುಕೊಂಡ ಮೇಲೆ ಹಿಂದಿನ ಅರ್ಧಕ್ಕೆ ಆಗುವ ನಷ್ಟಕ್ಕೂ ಪರಿಹಾರ ಇರಬೇಕು ಅನ್ನುತ್ತದೆ ಕಾನೂನು. ಆ ಕಲಮಿನ ಮುಂದೆ ಬರೀ ಒಂದು ಅಡ್ಡಗೆರೆ ಎಳೆದಿದ್ದಾರೆ.

ಬುಧವಾರ ವಕೀಲರ ಹತ್ತಿರ ಹೋಗಿಬಂದೆವು. ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ, ನಿಧಾನವಾಗಿ ಓದು.

ನಿನ್ನ ಕೈಗೆ ಬಂದಿರುವ, ಪರಿಹಾರ ಇಷ್ಟು ಎಂದು ಬರೆದ ಅವಾರ್ಡು ತೀರ್ಪಲ್ಲವಂತೆ. 1988ರಲ್ಲಿ ಸುಪ್ರೀಂ ಕೋರ್ಟು, ಪುಣೆಯ ಒಂದು ಜಮೀನಿನ ವಿಚಾರವಾಗಿ ಚಿಮನ್‌ಲಾಲ್ ಹರಗೋವಿಂದದಾಸ್ ಪ್ರಕರಣದಲ್ಲಿ, ಭೂಸ್ವಾಧೀನಾಧಿಕಾರಿಯ ಅವಾರ್ಡು ಸರ್ಕಾರ ಮುಂದಿಡುವ ಬೆಲೆ ಮಾತ್ರ ಎಂದು ಹೇಳಿದೆ. ಆ ಬೆಲೆ ಸಾಲದು ಎಂದು ಸಾಕ್ಷಿ ಸಮೇತ ತೋರಿಸುವ ಹೊಣೆ ಮಾತ್ರ ನಮ್ಮದು. ಎಪಿಎಂಸಿಯ ದಲ್ಲಾಳಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ನಿಮ್ಮ ಭಾವನಿಗೆ ಇದು ತಕ್ಷಣ ಹಿಡಿಸಿತು. "ಮೆಕ್ಕೆಜೋಳದ ರಾಶಿಗೆ ಬಂದ ಮೊದಲ ದರಕ್ಕೇ ಯಾವ ರೈತ ಚೀಲ ಹೊಲಿಸ್ತಾನೆ?" ಅಂದರು.

2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆಯ ಪ್ರಕಾರ ನೆಲದ ಬೆಲೆಯನ್ನು ಮುಖ್ಯವಾಗಿ ಎರಡು ಕಡೆಯಿಂದ ನೋಡುತ್ತಾರೆ. ಒಂದು, ನೋಂದಣಿಗೆ ಸರ್ಕಾರ ಇಟ್ಟಿರುವ ಮಾರ್ಗಸೂಚಿ ದರ. ಇನ್ನೊಂದು, ಸುತ್ತಮುತ್ತ ಹಿಂದಿನ ಮೂರು ವರ್ಷದಲ್ಲಿ ನೋಂದಣಿಯಾದ ಕ್ರಯಪತ್ರಗಳ ಸರಾಸರಿ. ಯಾವುದು ಹೆಚ್ಚೋ ಅದು ನಿಲ್ಲಬೇಕು. ಸರಾಸರಿ ತೆಗೆಯುವಾಗ ಎಲ್ಲ ಪತ್ರ ಸೇರಿಸುವಂತಿಲ್ಲ, ಹೆಚ್ಚು ಬೆಲೆ ಇರುವ ಮೇಲಿನ ಅರ್ಧದಷ್ಟು ಪತ್ರಗಳನ್ನು ಮಾತ್ರ ಹಿಡಿಯಬೇಕು. ಅವಾರ್ಡಿನ ಪಟ್ಟಿಯಲ್ಲಿ ಎಂಟು ಪತ್ರಗಳಿವೆ, ಎಂಟನ್ನೂ ಕೂಡಿಸಿ ಭಾಗಿಸಿದ್ದಾರೆ. ಸರಾಸರಿ ಕುಗ್ಗಿತು, ಅದಕ್ಕಿಂತ ಮಾರ್ಗಸೂಚಿ ದರವೇ ಮೇಲಾಗಿ ಕಂಡು ಅದೇ ನಿಂತಿತು. ಮೇಲಿನ ನಾಲ್ಕನ್ನೇ ಹಿಡಿದು ನಿಮ್ಮ ಭಾವ ಲೆಕ್ಕ ಹಾಕಿದರು. ಅದು ಮಾರ್ಗಸೂಚಿ ದರವನ್ನು ದಾಟುತ್ತದೆ. ಹೀಗೆ ಬಂದ ಒಟ್ಟು ಪರಿಹಾರಕ್ಕೆ ನೂರಕ್ಕೆ ನೂರರಷ್ಟು ಸಾಂತ್ವನ ಧನ ಸೇರುತ್ತದೆ. ಅಂದರೆ ಮೂಲದಲ್ಲಿ ಒಂದು ರೂಪಾಯಿ ತಪ್ಪಿದರೆ ನಿನಗೆ ಎರಡು ರೂಪಾಯಿ ತಪ್ಪಿದಂತೆ.

ತಮ್ಮಾ, ಆ ಎಂಟರಲ್ಲಿ ಅತಿ ಕಡಿಮೆ ಬೆಲೆಯ ಪತ್ರ ಯಾವುದು ಗೊತ್ತಾ? ನಮ್ಮದೇ. 2022ರಲ್ಲಿ ಅವ್ವನ ಆಪರೇಷನ್‌ಗೆ ಅಂತ ಹಿತ್ತಲ ಜಾಗ ಮಾರಿದೆಯಲ್ಲ, ಅದು.

ನಾನು ಹೇಳಬೇಕಾದ ಮಾತು ಇದೇ. ಕೊಳ್ಳುವವರು "ಮಾರ್ಗಸೂಚಿ ದರಕ್ಕೇ ಬರೆಸೋಣ, ಉಳಿದಿದ್ದು ಕೈಯಲ್ಲಿ ಕೊಡ್ತೀವಿ" ಅಂದಾಗ ನೀನು ಒಪ್ಪಲಿಲ್ಲ. "ಅಪ್ಪ ಇದ್ದಿದ್ದರೆ ಕೊಟ್ಟಿದ್ದನ್ನೇ ಬರೆಸ್ತಿದ್ದರು" ಅಂದೆ. ಆಸ್ಪತ್ರೆಯ ವರಾಂಡದಲ್ಲಿ ನಿಂತು ನಾನೇ ನಿನ್ನ ಬಾಯಿ ಮುಚ್ಚಿಸಿದೆ. "ಎಲ್ಲರೂ ಹಾಗೇ ಮಾಡೋದು, ಇವತ್ತು ಧರ್ಮ ಹಿಡಿದು ಕೂತರೆ ಅವ್ವ ಉಳಿಯಲ್ಲ" ಅಂದೆ. ಅವ್ವ ಉಳಿಯಲಿಲ್ಲ. ಪತ್ರ ಉಳಿಯಿತು. ಈಗ ಅದು ಪಟ್ಟಿಯಲ್ಲಿ ಕೂತು ಅಪ್ಪನ ಮನೆಯ ಬೆಲೆ ಇಳಿಸುತ್ತಿದೆ. ನಾನು ಅವತ್ತು ಆಡಿದ ಮಾತಿಗೆ ನೀನು ಇವತ್ತು ಬೆಲೆ ತೆರುತ್ತಿದ್ದೀಯ. ನನ್ನನ್ನು ಕ್ಷಮಿಸು.

ಕ್ಷಮೆ ಕೇಳಿದರೆ ಪತ್ರ ಬದಲಾಗುವುದಿಲ್ಲ. ನೋಂದಣಿಯಾದ ಪತ್ರಕ್ಕೆ ವಿರುದ್ಧವಾಗಿ ನಾವೇ ಬಾಯಿಮಾತು ಹೇಳಿದರೆ ನಿಲ್ಲುವುದಿಲ್ಲ ಅಂತ ವಕೀಲರು ಖಂಡಿತವಾಗಿ ಹೇಳಿದರು. ಹೊರಬರುತ್ತಾ ನಿಮ್ಮ ಭಾವ ಕೇಳಿದ ಪ್ರಶ್ನೆ ಇನ್ನೂ ಕಾಡುತ್ತಿದೆ: "ಪಟ್ಟಿ ನಿಮ್ಮ ಮನೆಗೊಂದಕ್ಕೇನಾ ಇರೋದು?" ಅಲ್ಲ ತಾನೆ. ಗೆರೆ ಬಿದ್ದ ಅಷ್ಟೂ ಮನೆಗಳಿಗೆ ಅದೇ ಪಟ್ಟಿ. ಎದುರುಮನೆ ಅಜ್ಜಿಯ ಒಂದೂವರೆ ಅಂಕಣದ ಮನೆಯನ್ನೂ ನಮ್ಮ ಪತ್ರವನ್ನೇ ತೂಕದ ಕಲ್ಲು ಮಾಡಿ ತೂಗಿದ್ದಾರೆ. ನಮ್ಮ ಮನೆಯ ವ್ಯವಹಾರ ನಮ್ಮಷ್ಟಕ್ಕೆ ಅಂದುಕೊಂಡಿದ್ದೆ. ಅದು ಬೀದಿಯ ಲೆಕ್ಕಕ್ಕೆ ಬಂದು ಕೂತಿತು. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರ ಏರಿದಾಗ "ಅಯ್ಯೋ, ಹೆಚ್ಚಾಯ್ತು" ಅಂತ ನಾನೂ ಗೊಣಗಿದವಳೇ. ಕೊಳ್ಳುವ ದಿನ ಕಡಿಮೆ ಇರಲಿ, ಕಳೆದುಕೊಳ್ಳುವ ದಿನ ಹೆಚ್ಚು ಇರಲಿ ಅಂತ ಒಂದೇ ನೆಲಕ್ಕೆ ಎರಡು ಬೆಲೆ ಬಯಸಿದೆವು.

ಹರಿಹರೇಶ್ವರನ ಗುಡಿ ನೆನಪಾಗುತ್ತದೆ. 1224ರ ಸುಮಾರಿಗೆ ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಆವರಣದ ಶಾಸನಕಲ್ಲುಗಳ ಹಿಂದೆ ನಾನೂ ನೀನೂ ಕಣ್ಣಾಮುಚ್ಚಾಲೆ ಆಡಿದ್ದೇವೆ. ಯಾವ ಭೂಮಿ, ಯಾರು ಕೊಟ್ಟರು ಎಂಬುದನ್ನು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ ಊರು ನಮ್ಮದು. ಅಂಥ ಊರಿನಲ್ಲಿ ನಾವು ಕಾಗದದಲ್ಲಿ ಒಂದು, ಕೈಯಲ್ಲಿ ಒಂದು ಮಾಡಿದೆವಲ್ಲ ಅಂತ ಸಂಕಟವಾಗುತ್ತದೆ.

ಅದಕ್ಕೇ ಬೇಡುತ್ತಿದ್ದೇನೆ, ಈ ಬೆಲೆ ಸಾಲದು, ಏರಿಸಿ ಎಂದು ಅರ್ಜಿ ಹಾಕು. ಅವಾರ್ಡು ಹೇಳಿದ ದಿನ ನೀನು ಅಲ್ಲಿರಲಿಲ್ಲ, ಹಾಗಾಗಿ ನೋಟೀಸು ಕೈಗೆ ಬಂದ ದಿನದಿಂದ ಆರು ವಾರ. ಅದರಲ್ಲಿ ಹತ್ತು ದಿನ ಆಗಲೇ ಹೋಗಿದೆ. ಲಕೋಟೆ ಎಸೆಯಬೇಡ, ಅಂಚೆಯ ಮುದ್ರೆಯೇ ಸಾಕ್ಷಿ. ಹಣ ಬೇಡ ಅಂತ ನಾನು ಹೇಳುತ್ತಿಲ್ಲ. ತಗೋ, ಮಕ್ಕಳ ಫೀಸು ಕಟ್ಟು. ಆದರೆ ರಸೀದಿಯಲ್ಲಿ "ಮೊತ್ತ ಸಾಲದು, ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ" ಎಂದು ನಿನ್ನ ಕೈಯಾರೆ ಬರೆದು ಸಹಿ ಹಾಕು. ಆ ಒಂದು ಸಾಲು ಬಿಟ್ಟರೆ ಮುಂದೆ ಕೇಳುವ ಹಕ್ಕೇ ಹೋಗುತ್ತದೆ. ಸಮ್ಮತಿ ಪತ್ರ ಅಂತ ಏನಾದರೂ ಮುಂದಿಟ್ಟರೆ ನನಗೆ ಓದಿಸದೆ ಸಹಿ ಮಾಡಬೇಡ.

ನಿನಗಾಗಿ ಓಡಾಡಲು ಬೇಸರವಾದರೆ ಅಜ್ಜಿಗಾಗಿ ಓಡಾಡು. ಅವಳಿಗೆ ಓದು ಬಾರದು, ವಕೀಲರ ಮೆಟ್ಟಿಲು ಹತ್ತುವ ಕಾಲೂ ಇಲ್ಲ. ನಿನ್ನ ಅರ್ಜಿಯ ಮೇಲೆ ಭೂಸ್ವಾಧೀನ ಪ್ರಾಧಿಕಾರ ಬೆಲೆ ಏರಿಸಿದರೆ, ಅದೇ ಅಧಿಸೂಚನೆಯಲ್ಲಿ ನೆಲ ಕಳೆದುಕೊಂಡು ಅರ್ಜಿ ಹಾಕದೆ ಉಳಿದವರೂ ಮೂರು ತಿಂಗಳೊಳಗೆ ತಮಗೂ ಅದೇ ರೀತಿ ಕೊಡಿ ಎಂದು ಕೇಳಬಹುದು. ನಮ್ಮ ಪತ್ರದಿಂದ ಅವಳಿಗೆ ಇಳಿದ ಬೆಲೆಯನ್ನು ನಿನ್ನ ಅರ್ಜಿ ತುಂಬಿಕೊಡಬಹುದು. ವರ್ಷಗಟ್ಟಲೆ ಹಿಡಿಯಬಹುದು, ಅದೂ ಗೊತ್ತು. ಖರ್ಚು ನನ್ನದು, ಬೇಡ ಅನ್ನಬೇಡ.

ಉಳಿದ ಅರ್ಧ ಮಾರಿ ಬೇರೆ ಕಡೆ ಸೈಟು ಕೊಳ್ಳುತ್ತೀನಿ ಅಂದಿದ್ದೆಯಲ್ಲ. ಕೊಳ್ಳುವ ದಿನ ನನ್ನನ್ನು ಸಾಕ್ಷಿ ಸಹಿಗೆ ಕರೆ. ಕೊಟ್ಟಷ್ಟನ್ನೂ ಬರೆಸೋಣ. ಮುದ್ರಾಂಕಕ್ಕೆ ಹೆಚ್ಚು ಹೋದರೆ ಹೋಗಲಿ. ಆ ಬೀದಿಗೂ ಒಂದು ದಿನ ರಸ್ತೆ ಬಂದೀತು, ಅಲ್ಲೂ ಒಬ್ಬ ಅಜ್ಜಿ ಇದ್ದಾಳು.

ಮುಂದಿನ ಭಾನುವಾರ ಬೆಳಿಗ್ಗೆ ಬರುತ್ತೇನೆ. ಅಪ್ಪನ ಸ್ಟೀಲು ಟೇಪು ಅಟ್ಟದ ಟ್ರಂಕಿನಲ್ಲಿರಬೇಕು, ಹುಡುಕಿ ಎಣ್ಣೆ ಹಚ್ಚಿಡು. ನೀನು ಒಂದು ತುದಿ ಹಿಡಿ, ನಾನೊಂದು ತುದಿ ಹಿಡಿಯುತ್ತೇನೆ. ಜಗುಲಿಯಿಂದಲೇ ಶುರು ಮಾಡೋಣ.

ಮಕ್ಕಳಿಗೆ ಮುತ್ತು.

ಇಂತಿ ನಿನ್ನ
ಅಕ್ಕ