ನಕ್ಷತ್ರದ ಅನಾಮತ್ತು ಖಾತೆ

ಬಿ.ಕಾಂ. ಓದುವವನು ನಕ್ಷತ್ರದ ಬಗ್ಗೆ ಬರೆಯುವುದೆಂದರೆ ಕಿರಾಣಿ ಅಂಗಡಿಯವ ಜಾತಕ ನೋಡಿದ ಹಾಗೆ ಎಂದು ಮಿತ್ರರು ನಗಬಹುದು. ನಗಲಿ. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ, ಮುಂದೆ ಇಂಗ್ಲಿಷಿನ ಫಿಜಿಕ್ಸಿಗೆ ಹೆದರಿ ಕಾಮರ್ಸಿಗೆ ಬಂದವನು ನಾನು. ಮನೆಯಲ್ಲಿ ಮಾತ್ರ ‘ಲೆಕ್ಕಪತ್ರವೇ ಇಷ್ಟ’ ಎಂದಿದ್ದೆ.

ಒಂದು ರಾತ್ರಿ ಟ್ರಯಲ್ ಬ್ಯಾಲೆನ್ಸ್ ಹೊಂದಲೇ ಇಲ್ಲ. ವ್ಯತ್ಯಾಸವನ್ನು ಅನಾಮತ್ತು ಖಾತೆಗೆ ಹಾಕಿ ಪುಸ್ತಕ ಮುಚ್ಚುತ್ತಿದ್ದೆ. ಎಂ.ಎಸ್ಸಿ. ಓದುವ ರೂಮಿನ ಗೆಳೆಯ, “ನಮ್ಮಲ್ಲೂ ಹಿಂಥಾ ಲೆಕ್ಕ ಒಂದದ ನೋಡಪಾ” ಎಂದ.

ವೇಲಾ ಪಲ್ಸಾರ್ ಎಂಬುದು ಸೆಕೆಂಡಿಗೆ ಸುಮಾರು 11 ಸುತ್ತು ತಿರುಗುವ ನ್ಯೂಟ್ರಾನ್ ನಕ್ಷತ್ರ. ಇಂಥವಕ್ಕೆ ಸೂರ್ಯನಿಗಿಂತ ಹೆಚ್ಚು ತೂಕ, ಅಡ್ಡಳತೆ ಮಾತ್ರ 20 ಕಿಲೋಮೀಟರಿನ ಆಸುಪಾಸು. ಶಕ್ತಿ ಕಳೆದುಕೊಳ್ಳುತ್ತಾ ದಿನದಿನಕ್ಕೂ ನಿಧಾನವಾಗುತ್ತಿದ್ದ ಅದು 1969ರಲ್ಲಿ ಒಮ್ಮೆಲೇ ಹತ್ತು ಲಕ್ಷಕ್ಕೆ ಎರಡು ಪಾಲಿನಷ್ಟು ಚುರುಕಾಯಿತು. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ಅದನ್ನು ಕಂಡವರಲ್ಲೊಬ್ಬರು ವಿ. ರಾಧಾಕೃಷ್ಣನ್, ಸಿ.ವಿ. ರಾಮನ್ನರ ಮಗ, 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ನಿರ್ದೇಶಕರಾಗಿ ಬಂದವರು.

ಹೊರಗಿನಿಂದ ಜಮೆ ಇಲ್ಲ. ವೇಗ ಬಂದದ್ದೆಲ್ಲಿಂದ?

ಗೆಳೆಯ ಹಸಿ ತತ್ತಿಯೊಂದನ್ನು ಟೇಬಲ್ಲಿನ ಮೇಲೆ ಗಿರ್ರನೆ ತಿರುಗಿಸಿದ. “ಬೆರಳಿಟ್ಟು ನಿಲ್ಲಿಸು. ಈಗ ಬಿಡು.” ಬಿಟ್ಟೆ. ತತ್ತಿ ತಾನಾಗಿಯೇ ಮತ್ತೆ ತಿರುಗತೊಡಗಿತು! ನಿಂತದ್ದು ಚಿಪ್ಪು, ಒಳಗಿನ ರಸವಲ್ಲ.

ಆದರೆ ಇದು ಅರ್ಧ ಹೋಲಿಕೆ ಅಷ್ಟೇ. ನಕ್ಷತ್ರದೊಳಗೆ ಬೇರೆ ಬೇರೆ ದ್ರವಗಳಿವೆ. ಪ್ರೋಟಾನು, ಎಲೆಕ್ಟ್ರಾನುಗಳು ಕಾಂತಕ್ಷೇತ್ರದ ಹಿಡಿತದಲ್ಲಿ ಚಿಪ್ಪಿನ ಜೊತೆಗೇ ನಿಧಾನವಾಗುತ್ತವೆ. ನ್ಯೂಟ್ರಾನುಗಳದು ತಿಕ್ಕಾಟವೇ ಇಲ್ಲದ ದ್ರವ; ಅದರ ತಿರುಗುವಿಕೆಯೆಲ್ಲ ಸಣ್ಣ ಸಣ್ಣ ಸುಳಿಗಳಲ್ಲಿ. ನಿಧಾನವಾಗಬೇಕಾದರೆ ಸುಳಿಗಳು ಹೊರಕ್ಕೆ ಸರಿಯಬೇಕು, ಅವು ಚಿಪ್ಪಿನಲ್ಲಿ ಸಿಕ್ಕಿಕೊಂಡಿರುತ್ತವೆ. ವ್ಯತ್ಯಾಸ ಬೆಳೆದು ಬೆಳೆದು ಒಂದು ದಿನ ಅಷ್ಟೂ ಸುಳಿ ಒಟ್ಟಿಗೆ ಬಿಡಿಸಿಕೊಂಡಾಗ, ಅನಾಮತ್ತಿನಲ್ಲಿದ್ದದ್ದು ಚಿಪ್ಪಿನ ಖಾತೆಗೆ ವರ್ಗ. ಹೆಚ್ಚಿನವರು ಒಪ್ಪಿದ ವಿವರಣೆ ಇದು. ವೇಲಾ ಎರಡು-ಮೂರು ವರ್ಷಕ್ಕೊಮ್ಮೆ ಹೀಗೆ ಮಾಡುತ್ತದೆ.

ಇಂಥ ನಕ್ಷತ್ರ ಕಂಪಿಸುವುದೂ ಎರಡು ಬಗೆ. ದ್ರವಗಳು ಕೂಡಿಯೇ ಹಿಗ್ಗಿ ಕುಗ್ಗುವುದು ಒಂದು. ಒಂದು ಹೊರಕ್ಕೆ ಬಂದಾಗ ಇನ್ನೊಂದು ಒಳಕ್ಕೆ ಹೋಗುವುದು ಮತ್ತೊಂದು. ಒಂದೇ ದ್ರವವಿದ್ದರೆ ಈ ಎರಡನೆಯದಿಲ್ಲ. ದ್ರವಗಳ ವೇಗದ ಅಂತರ ಮಿತಿ ಮೀರಿದರೆ ಸಣ್ಣ ಅಲೆಯೂ ಅಡಗದೆ ಬೆಳೆಯುತ್ತದೆ, ಸ್ಥಿರತೆ ಹೋಗುತ್ತದೆ. ಸುಳಿಗಳನ್ನು ಬಿಡಿಸುವುದು ಇದೇ ಇರಬಹುದೆಂಬ ಊಹೆಯೂ ಉಂಟು.

“ಎಷ್ಟು ಅಂತರ ಆದ್ರ ಬಿಡ್ತಾವ?” ಎಂದೆ.

“ಅದನ್ನs ಹುಡುಕಾಕತ್ತಾರ. ಓದು,” ಎಂದು ಇಂಗ್ಲಿಷ್ ಪುಸ್ತಕ ಕೈಗಿಟ್ಟ. ನಿಘಂಟು ಹಿಡಿದು ಎರಡು ಪುಟ ಮುಗಿಸುವಷ್ಟರಲ್ಲಿ ಬೆಳಗಿನ ನಾಲ್ಕು ಗಂಟೆ. ಎರಡೂ ತಿಳಿದವು.

ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ, ಅಂದು ಫಿಜಿಕ್ಸ್ ಬಿಟ್ಟದ್ದು ಹೆದರಿ ಎಂದು ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ನನಗ ಗೊತ್ತಿತ್ತಪಾ. ಊಟ ಆತೇನು?”

ತತ್ತಿಯಂತೂ ಆ ರಾತ್ರಿಯೇ ಆಮ್ಲೆಟ್ ಆಗಿತ್ತು.